ಹಿತ್ತಲಿನ ದೊಡ್ಡವ್ವ

ನಮ್ಮ ಹಿತ್ತಲಲ್ಲಿದ್ದ ಒಂದು ಎಕ್ಕದ ಗಿಡವನ್ನು ನಾನು ಮಾತು ಕಲಿತಾಗಿನಿಂದ ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ಬೇರೆ ಮಕ್ಕಳಿಗೆ ದೊಡ್ಡವ್ವ ಎಂದರೆ ಅವ್ವನ ಅಕ್ಕನೋ ದೊಡ್ಡಪ್ಪನ ಹೆಂಡತಿಯೋ ಆಗಿರುತ್ತಾಳೆ, ಬರುವಾಗ ಕೈಯಲ್ಲಿ ಏನಾದರೂ ತಿಂಡಿ ಹಿಡಿದು ಬರುತ್ತಾಳೆ. ನನ್ನ ದೊಡ್ಡವ್ವ ಬಟ್ಟೆ ಒಗೆಯುವ ಕಲ್ಲಿನ ಆಚೆ, ಕಾಂಪೌಂಡ್ ಗೋಡೆಗೆ ಒರಗಿ ನಿಂತಿರುತ್ತಿದ್ದಳು. ಬೂದಿ ಸವರಿದಂಥ ದಪ್ಪ ಎಲೆ, ಎಲ್ಲಿ ಮುರಿದರೂ ಹಾಲು, ವರ್ಷವಿಡೀ ತಿಳಿನೇರಳೆ ಹೂವು. ಹಬ್ಬದ ದಿನ ಎಡೆ ಮೊದಲು ಅವಳಿಗೆ ಹೋಗಬೇಕು, ಆಮೇಲೆ ನಮಗೆ. ಗೌರಿ ಹಬ್ಬದಲ್ಲಿ ಅವ್ವ ಅವಳ ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, ಹೊಸ ಖಣ ಹೊದಿಸಿ, ಕಾಲಿಗೆ ಬೀಳುತ್ತಿದ್ದಳು. ಗಿಡಕ್ಕೆ ಕಾಲು ಎಲ್ಲಿದೆ ಎಂದು ನಾನು ಕೇಳಿದಾಗ ಅವ್ವ ನಕ್ಕಿದ್ದಳು, ಅಜ್ಜಿ ನಕ್ಕಿರಲಿಲ್ಲ. ಇದು ಎಲ್ಲರ ಮನೆಯಲ್ಲೂ ಇರುವಂಥದ್ದಲ್ಲ ಎಂದು ನನಗೆ ಗೊತ್ತಾದದ್ದು ಶಾಲೆಯ ಗೆಳತಿಯೊಬ್ಬಳು ಮನೆಗೆ ಬಂದು, ನಾನು ಗಿಡದ ಮುಂದೆ ನಿಂತು "ದೊಡ್ಡವ್ವಾ, ಆಡಾಕ ಹೋಗ್ತೀನಿ" ಎಂದು ಹೇಳುವುದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಾಗ.

ಸಂಗತಿ ಇಷ್ಟು. ಅವ್ವನಿಗಿಂತ ಮೊದಲು ಅಪ್ಪನಿಗೆ ಎರಡು ಮದುವೆಯಾಗಿತ್ತು. ಮೊದಲನೆಯವಳು ಶಾಂತ, ಹೆರಿಗೆಯಲ್ಲಿ ಕೂಸಿನ ಜೊತೆಗೇ ಹೋದಳು. ಎರಡನೆಯವಳು ಕಮಲ, ಕಾಮಾಲೆಯಾಗಿ ಹೋದಳು. ಮೂರನೇ ಮದುವೆ ಒಳ್ಳೆಯದಲ್ಲ, ಮೂರನೆಯವಳು ಉಳಿಯುವುದಿಲ್ಲ ಎಂಬುದು ನಮ್ಮ ಹಿರಿಯರ ನಂಬಿಕೆ. ಅದಕ್ಕೆ ಅವರೇ ಒಂದು ಉಪಾಯವನ್ನೂ ಮಾಡಿಟ್ಟಿದ್ದರು. ಮೂರನೆಯದಾಗಿ ಎಕ್ಕದ ಗಿಡಕ್ಕೆ ತಾಳಿ ಕಟ್ಟಬೇಕು, ಕಟ್ಟಿದ ಮೇಲೆ ಗಿಡವನ್ನು ಕಡಿದುಬಿಡಬೇಕು. ಮೂರನೆಯವಳಿಗೆ ಬರಬೇಕಾದ ಸಾವು ಗಿಡಕ್ಕೆ ಬಂದು ಹೋಯಿತು ಎಂದಾಗುತ್ತದೆ. ಆಮೇಲೆ ಬರುವ ಹೆಣ್ಣು ನಾಲ್ಕನೆಯವಳು, ಅವಳಿಗೆ ಭಯವಿಲ್ಲ. ಈ ಶಾಸ್ತ್ರವನ್ನು ಊರ ಹೊರಗೆ ಗಿಡ ಇದ್ದಲ್ಲಿಗೇ ಹೋಗಿ ಮುಗಿಸಿ ಬರುವುದು ರೂಢಿ. ಆದರೆ ಅಜ್ಜಿಗೆ ಮರ್ಯಾದೆಯ ಪ್ರಶ್ನೆ. ಮಂಡಿಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟ ಮಗ ರಸ್ತೆ ಬದಿಯ ಗಿಡದ ಮುಂದೆ ಬಾಸಿಂಗ ಕಟ್ಟಿಕೊಂಡು ನಿಂತರೆ ನೋಡಿದವರು ಏನೆಂದಾರು? ಆನೆಕೊಂಡದ ಕಡೆಯಿಂದ ಒಂದು ಎಳೆಯ ಗಿಡವನ್ನು ಮಣ್ಣು ಸಮೇತ ಕೀಳಿಸಿ ತಂದು ಹಿತ್ತಲಲ್ಲಿ ನೆಡಿಸಿದಳು. ಅದು ಬೇರು ಹಿಡಿದ ಮೇಲೆ ಒಂದು ಭಾನುವಾರ ಜೋಯಿಸರನ್ನು ಕರೆಸಿದರು. ಅಪ್ಪ ಅರಿಶಿನದ ದಾರ ಕಟ್ಟಿದ. ಮೊಣಕಾಲೆತ್ತರಕ್ಕೆ ಕುಡುಗೋಲು ಹಾಕಿದರು, ಹಾಲು ಸುರಿಯಿತು, ಎಲ್ಲರೂ ತಲೆ ಮೇಲೆ ನೀರು ಹುಯ್ದುಕೊಂಡು ಒಳಗೆ ಬಂದರು. ಸ್ವಲ್ಪ ದಿನಕ್ಕೆ ಹರಿಹರದಿಂದ ಗಿರಿಜ, ಅಂದರೆ ನನ್ನ ಅವ್ವ, ನಾಲ್ಕನೆಯವಳಾಗಿ ಬಂದಳು.

ಎಕ್ಕದ ಸ್ವಭಾವವನ್ನು ಬಲ್ಲ ಯಾರೂ ಹೀಗೆ ಮಾಡುತ್ತಿರಲಿಲ್ಲ. ಹೊಲ ಉಳುವವರನ್ನು ಕೇಳಿದ್ದರೂ ಹೇಳುತ್ತಿದ್ದರು, ಇದು ಮೇಲೆ ಕಡಿದರೆ ಸಾಯುವ ಗಿಡವಲ್ಲ ಎಂದು. ಊರ ಹೊರಗೆ ಕಡಿದು ಬಂದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ, ಹಾಗಾಗಿ ಅಲ್ಲಿ ಅದು ಚಿಗುರಿದರೂ ಯಾರಿಗೂ ತಿಳಿಯುವುದಿಲ್ಲ. ನಮ್ಮದು ಹಿತ್ತಲಲ್ಲಿತ್ತು. ಅವ್ವನ ಕೈಯ ಮದುವೆ ಬಳೆಗಳು ಇನ್ನೂ ಒಡೆಯದಿರುವಾಗಲೇ ಬೊಡ್ಡೆಯ ಸುತ್ತ ಬಿಳಿ ಬಿಳಿ ಚಿಗುರು ಎದ್ದವು. ಅಜ್ಜಿ ನೋಡಿ ಎದೆ ಹಿಡಿದುಕೊಂಡಳಂತೆ. ಮತ್ತೆ ಕಡಿಯಲು ಯಾರಿಗೂ ಧೈರ್ಯವಾಗಲಿಲ್ಲ, ತಾಳಿ ಕಟ್ಟಿಸಿಕೊಂಡವಳನ್ನು ಎರಡು ಸಲ ಕಡಿಯುವುದು ಹೇಗೆ? ಬಿಡಲೂ ಧೈರ್ಯವಿಲ್ಲ. ಗಿಡ ಬದುಕಿದೆ ಎಂದರೆ ಸಾವು ಇನ್ನೂ ಮನೆಯಲ್ಲೇ ಇದೆ, ಯಾರ ಪಾಲಿಗೆ ಎಂದು ತೀರ್ಮಾನವಾಗಿಲ್ಲ, ಅಷ್ಟೆ. ಅಂದಿನಿಂದ ಅದಕ್ಕೆ ಹಿರೇಸೊಸೆಯ ಸ್ಥಾನ ಸಿಕ್ಕಿತು. ಅವಳನ್ನು ಸಂತೋಷವಾಗಿಟ್ಟರೆ ಕಿರಿಯವಳನ್ನು ಉಳಿಸಿಯಾಳು ಎಂಬುದು ಅಜ್ಜಿಯ ಎಣಿಕೆ.

ಅಜ್ಜಿ ಕೆಟ್ಟವಳಾಗಿರಲಿಲ್ಲ. ಅವ್ವನಿಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲೇ ಕೂರುತ್ತಿದ್ದಳು. ಆದರೆ ಕೂತ ರೀತಿಯೇ ಬೇರೆ, ರೈಲ್ವೆ ಸ್ಟೇಷನ್ನಿನಲ್ಲಿ ಬೀಳ್ಕೊಡಲು ಬಂದವರು ಕೂತಂತೆ. ಇಡೀ ಮನೆಯೇ ಹಾಗಿತ್ತು. ನಾವು ಪಾತ್ರೆ ವ್ಯಾಪಾರದವರು. ಆಗೆಲ್ಲ ಸ್ಟೀಲ್ ಪಾತ್ರೆ ಕೊಂಡರೆ ಅದರ ಮೇಲೆ ಹೆಸರು ಕೊರೆಸುವುದು ವಾಡಿಕೆ. ಅಪ್ಪ ದಿನವೆಲ್ಲ ಅಂಗಡಿಯಲ್ಲಿ ಕೂತು, ಗುರ್ರೆನ್ನುವ ಮಿಷನ್ನಿನಿಂದ ಊರ ಹೆಂಗಸರ ಹೆಸರುಗಳನ್ನು ಮುತ್ತಿನಂಥ ಅಕ್ಷರದಲ್ಲಿ ಕೊರೆಯುತ್ತಿದ್ದ. ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಒಂದು ಸಾಲು ತಟ್ಟೆಗಳ ಮೇಲೆ ಶಾಂತ ಎಂದಿತ್ತು, ಲೋಟಗಳ ಮೇಲೆ, ಕೊಳಗದ ಮೇಲೆ ಕಮಲ ಎಂದಿತ್ತು. ನಾನು ಓದಲು ಕಲಿತದ್ದೇ ಆ ಎರಡು ಹೆಸರುಗಳಿಂದ. ಗಿರಿಜ ಎಂಬ ಹೆಸರು ಒಂದು ಚಮಚದ ಮೇಲೂ ಇರಲಿಲ್ಲ. ಅವ್ವ ಶಾಂತನ ತಟ್ಟೆಯಲ್ಲಿ ಉಣ್ಣುತ್ತಿದ್ದಳು, ಕಮಲನ ಕೊಳಗದಲ್ಲಿ ನೀರು ತುಂಬುತ್ತಿದ್ದಳು, ತಿಕ್ಕಿ ತೊಳೆದು ಬೋರಲು ಹಾಕುತ್ತಿದ್ದಳು. ಒಮ್ಮೆ ನಾನು ಅಪ್ಪನನ್ನು ಕೇಳಿದೆ, ಅವ್ವನ ಹೆಸರು ಯಾವಾಗ ಕೊರೆಯುತ್ತೀ ಎಂದು. ಅಪ್ಪ ಅನ್ನ ಕಲೆಸುತ್ತಲೇ ಇದ್ದ. ಅಜ್ಜಿ ಮಾತ್ರ ಗದರಿದಳು.

"ಅಂಥಾದ್ದೆಲ್ಲ ಕೇಳಬಾರ್ದು. ಸುಮ್ನೆ ಉಣ್ಣು."

ಅಪ್ಪ ಅವ್ವನ ಜೊತೆ ದಿನಕ್ಕೆ ಒಂದೇ ಮಾತಾಡುತ್ತಿದ್ದ. ಸಂಜೆ ಅಂಗಡಿ ಮುಚ್ಚಿ ಬಂದು, ಚಪ್ಪಲಿ ಬಿಡುತ್ತ, ಗೋಡೆಯ ಕಡೆ ನೋಡುತ್ತ ಕೇಳುತ್ತಿದ್ದ: "ಮೈಗೆ ಹುಷಾರೈತಾ?" ಅವ್ವ ಹುಷಾರಿದೆ ಎನ್ನುತ್ತಿದ್ದಳು. ಮೂಡು ಚೆನ್ನಾಗಿದ್ದ ದಿನ "ಇನ್ನೂ ಇದೀನ್ರಿ" ಎನ್ನುತ್ತಿದ್ದಳು. ಮುಗಿಯಿತು. ಅವಳ ಕಷ್ಟಸುಖ, ತವರಿನ ಸುದ್ದಿ, ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂಬುದೂ ಅಜ್ಜಿಯ ಮೂಲಕವೇ ಹೋಗಬೇಕು, ಬರಬೇಕು. ಎರಡು ಸಲ ಕೈಸುಟ್ಟುಕೊಂಡ ಮನುಷ್ಯ ಮೂರನೇ ಸಲ ಒಲೆಯ ಹತ್ತಿರವೇ ಸುಳಿಯಲಿಲ್ಲ. ಈಗ ಹಾಗೆ ಅರ್ಥ ಮಾಡಿಕೊಳ್ಳಬಲ್ಲೆ. ಆಗ ನನಗೆ ಅಪ್ಪನ ಮೇಲೆ ಇದ್ದದ್ದು ಬರೀ ಸಿಟ್ಟು.

ಗೋಡೆಯ ಆಚೆ ಹಾಸಿಗೆ ಹೊಲಿಯುವ ಪಿಂಜಾರರ ಮನೆ. ಹತ್ತಿ ಹಿಂಜುವ ಬಿಲ್ಲಿನ ಠೇಂ ಠೇಂ ಸದ್ದು ಹಗಲೆಲ್ಲ ಕೇಳುತ್ತಿತ್ತು. ಆ ಮನೆಯ ಇಮಾಂಬಿ ಅವ್ವನಿಗಿದ್ದ ಒಬ್ಬಳೇ ಗೆಳತಿ. ಬೇಸಿಗೆಯಲ್ಲಿ ಹದಡಿ ಕಡೆಯ ಹೊಲಗಳ ಬದುವಿನಿಂದ ಎಕ್ಕದ ಕಾಯಿ ಆರಿಸಿ ತಂದು, ಒಡೆದು, ಬೀಜಕ್ಕೆ ಅಂಟಿದ ರೇಷ್ಮೆಯಂಥ ಅರಳೆಯನ್ನು ಎಳೆಗೂಸುಗಳ ತಲೆದಿಂಬಿಗೆ ತುಂಬುತ್ತಿದ್ದಳು. ನನ್ನ ಮೊದಲ ದಿಂಬೂ ಅವಳೇ ಹೊಲಿದದ್ದು. ಒಂದು ದಿನ ಗೋಡೆಯ ಮೇಲಿಂದ ಕೇಳಿದಳು:

"ಗಿರಿಜಕ್ಕಾ, ನಿಮ್ಮ ಗಿಡ ಇಷ್ಟು ಹೂವು ಬಿಡ್ತೈತೆ, ಒಂದು ಕಾಯಿನೂ ಕಟ್ಟಲ್ಲಲ್ಲ, ಯಾಕ?"

"ಗಂಡ ಮಾತಾಡ್ಸಲ್ಲ, ಅದಕ್ಕ," ಎಂದಳು ಅವ್ವ. ಇಬ್ಬರೂ ಬಹಳ ಹೊತ್ತು ನಕ್ಕರು. ಅವ್ವ ನಗುವುದನ್ನು ನಾನು ಹೆಚ್ಚು ಕೇಳಿದ್ದು ಆ ಗೋಡೆಯ ಬಳಿಯೇ.

ನಾನು ಹೈಸ್ಕೂಲಿಗೆ ಬಂದಾಗ ಇನ್ನೊಂದು ತಕರಾರು ಎದ್ದಿತು. ಹಳೆಯ ಜೋಯಿಸರು ತೀರಿಕೊಂಡು ಹೊಸಬರು ಬಂದಿದ್ದರು. ಅವರು ಹಿತ್ತಲಿಗೆ ಬಂದು ಹೂವು ನೋಡಿ ಮುಖ ಹುಳ್ಳಗೆ ಮಾಡಿದರು.

"ಇದು ನೇರಳೆ ಎಕ್ಕ ಅಲ್ರೇನಮ್ಮ? ಶಾಸ್ತ್ರಕ್ಕೆ ಬಿಳಿ ಎಕ್ಕನೇ ಆಗಬೇಕು. ಇದಕ್ಕೆ ಕಟ್ಟಿದ್ದು ಲೆಕ್ಕಕ್ಕೆ ಬರ್ತೈತೋ ಇಲ್ವೋ ನಾ ಹೇಳಾಕ ಬರಲ್ಲ."

ಅವರು ದಕ್ಷಿಣೆ ತಗೊಂಡು ಹೋದರು. ಮನೆಯಲ್ಲಿ ಒಲೆ ಹಚ್ಚಲು ಯಾರಿಗೂ ಮನಸ್ಸಾಗಲಿಲ್ಲ. ಗಿಡದ ಮದುವೆ ಲೆಕ್ಕಕ್ಕೆ ಬರದಿದ್ದರೆ ಅವ್ವ ನಾಲ್ಕನೆಯವಳಲ್ಲ, ಮೂರನೆಯವಳು. ಅಂದಿನಿಂದ ಅವ್ವ ಕೆಮ್ಮಿದರೆ ಅಜ್ಜಿ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು. ಅಪ್ಪ ಸಂಜೆ ಕೇಳುತ್ತಿದ್ದ ಒಂದು ಮಾತನ್ನು ಬೆಳಿಗ್ಗೆಯೂ ಕೇಳತೊಡಗಿದ. ಅವ್ವ ಬರಬರುತ್ತ ಸಣ್ಣಗಾದಳು. ಅವಳಿಗೆ ರೋಗವೇನೂ ಇರಲಿಲ್ಲ. ನೀನು ಸಾಯುತ್ತೀ ಎಂದು ಸುತ್ತ ಇದ್ದವರೆಲ್ಲ ಬಾಯಿ ಬಿಡದೆ ಹೇಳುತ್ತಿದ್ದರೆ ಊಟ ಹೇಗೆ ಸೇರೀತು?

ನಾನು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡೆ. ಪ್ರಾಕ್ಟಿಕಲ್ಲಿಗೆ ಒಂದು ದಿನ ಎಕ್ಕದ ಹೂವು ತರಲು ಹೇಳಿದರು. ಅಜ್ಜಿ ಬೇಡ ಬೇಡವೆಂದು ಕೂಗುತ್ತಿದ್ದರೂ ದೊಡ್ಡವ್ವನ ತಲೆಯಿಂದ ಒಂದು ಗೊಂಚಲು ಕಿತ್ತುಕೊಂಡು ಹೋದೆ. ಹುಟ್ಟಿದಾಗಿನಿಂದ ಕಂಡ ಹೂವನ್ನು ಅಂದು ಮೊದಲ ಸಲ ನೋಡಿದೆ ಎನ್ನಬೇಕು. ಐದು ದಳ, ಅಗಲಕ್ಕೆ ಬಿಡಿಸಿಕೊಂಡು ಹಿಂದಕ್ಕೆ ಬಾಗಿದವು. ನಡುವೆ ಮೇಣದಲ್ಲಿ ಮಾಡಿದಂಥ ಐದು ಮೂಲೆಯ ಕಿರೀಟ. ಬೇರೆ ಹೂಗಳ ಪರಾಗ ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಎಕ್ಕದ್ದು ಉದುರುವುದಿಲ್ಲ, ಎರಡೆರಡು ಪುಟ್ಟ ಹಳದಿ ಚೀಲಗಳಾಗಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸೀಳಿನೊಳಗೆ ಅಡಗಿರುತ್ತದೆ. ಮರ ಕೊರೆಯುವ ದೊಡ್ಡ ಕರಿದುಂಬಿ ಬಂದು ಕೂತಾಗ ಅದರ ಕಾಲು ಆ ಸೀಳಿನಲ್ಲಿ ಸಿಕ್ಕಿಕೊಳ್ಳಬೇಕು, ಅದು ಜಗ್ಗಿ ಎಳೆದುಕೊಳ್ಳುವಾಗ ಜೋಡಿಚೀಲವೂ ಕಾಲಿಗಂಟಿ ಹೊರಗೆ ಬರಬೇಕು, ಅದು ಇನ್ನೊಂದು ಗಿಡದ ಹೂವಿನ ಸೀಳಿಗೇ ಹೋಗಿ ಸೇರಬೇಕು. ಸೂಜಿಯ ಮೊನೆಯಿಂದ ನಾನು ಒಂದು ಜೋಡಿಯನ್ನು ಎಳೆದು ಮಸೂರದ ಕೆಳಗಿಟ್ಟು ಬಹಳ ಹೊತ್ತು ನೋಡಿದೆ. ಒಂಟಿ ಗಿಡ ಕಾಯಿ ಕಟ್ಟುವುದು ಅಪರೂಪ ಎಂದು ನಮಗೆ ಪಾಠ ಮಾಡುತ್ತಿದ್ದ ಮೇಡಂ ಹೇಳಿದರು. ಇಮಾಂಬಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಕ್ಯಾಲೊಟ್ರೋಪಿಸ್ ಎಂಬ ಈ ಕುಲದಲ್ಲಿ ನಮ್ಮ ಕಡೆ ಕಾಣುವುದು ಎರಡು ಜಾತಿ, ಬಣ್ಣ ನೋಡಿ ಅವನ್ನು ಬೇರೆ ಮಾಡಬಾರದು, ದಳ ನೋಡಿ ಮಾಡಬೇಕು ಎಂದೂ ಅವರೇ ಹೇಳಿದ್ದು. ದಳ ಬಿಚ್ಚಿ ಬಾಗಿದ್ದರೆ ಒಂದು, ಅದು ಜೈಗಾಂಟಿಯ. ಬಟ್ಟಲಿನಂತೆ ನೆಟ್ಟಗೆ ನಿಂತು ತುದಿಯಲ್ಲಿ ನೇರಳೆ ಮಚ್ಚೆ ಇದ್ದರೆ ಇನ್ನೊಂದು, ಅದು ಪ್ರೊಸೀರ, ಬಳ್ಳಾರಿಯ ಕಡೆ ಒಣನೆಲದಲ್ಲಿ ಹೆಚ್ಚು. ಬಿಳಿ ಎಕ್ಕ, ನೇರಳೆ ಎಕ್ಕ ಎಂದು ಜನ ಎರಡು ಮಾಡಿಕೊಂಡದ್ದು ಜೈಗಾಂಟಿಯದ್ದೇ ಎರಡು ಬಣ್ಣ.

ನಾನು ಮನೆಗೆ ನಡೆದು ಬರಲಿಲ್ಲ, ಓಡಿ ಬಂದೆ. ಅವ್ವನನ್ನು ಉಳಿಸುವ ಮಾತೊಂದು ನನ್ನ ಬಾಯಲ್ಲಿತ್ತು. ಅಪ್ಪ ಅಂಗಡಿಯಿಂದ ಬಂದು ಊಟಕ್ಕೆ ಕೂರುವ ತನಕ ಅದನ್ನು ಹಿಡಿದಿಟ್ಟುಕೊಂಡು, ಎಲ್ಲರೂ ಇರುವಾಗ ಹೇಳಿದೆ.

"ಅಪ್ಪಾ, ಬಿಳಿ ಎಕ್ಕ, ನೇರಳೆ ಎಕ್ಕ ಎರಡೂ ಒಂದೇ ಜಾತಿ. ಬಣ್ಣ ಅಷ್ಟೇ ಬೇರೆ. ಒಂದೇ ಮನಿಯಾಗ ಒಬ್ರು ಕರ್ರಗ ಒಬ್ರು ಬೆಳ್ಳಗ ಹುಟ್ಟಲ್ವಾ, ಹಂಗೆ."

"ಯಾರ್ ಹೇಳಿದ್ರು?" ಎಂದಳು ಅಜ್ಜಿ.

"ಕಾಲೇಜಿನಾಗ ಹೇಳಿದ್ರು. ಪುಸ್ತಕದಾಗೂ ಐತೆ."

"ಹಂಗಾರೆ ಆ ಮದುವಿ ಮದುವಿನೇ!" ಅಜ್ಜಿ ಕೈ ಮುಗಿದಳು. ಅವ್ವ ಸಾರಿನ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಒಂದು ಕ್ಷಣ ಹುಡುಗಿಯ ಮುಖವಾಗಿತ್ತು. ಅಪ್ಪ ಮಾತ್ರ ತುತ್ತು ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಕಡಿದ ಮ್ಯಾಲೆ ಚಿಗುರ್ತಲ್ಲ, ಅದು ಹೊಸಾ ಗಿಡಾನಾ, ಹಳೇದಾ?"

"ಹಳೇದೇ. ಜೀವ ಬೇರಿನಾಗಿರ್ತೈತೆ. ಮ್ಯಾಲೆ ಎಷ್ಟು ಕಡಿದ್ರೂ ಸಾಯಲ್ಲ."

"ಅಂದ್ರೆ ಅವತ್ತು ಸತ್ತೇ ಇಲ್ಲ."

"ಇಲ್ಲ."

ಅಪ್ಪ ಕೈ ತೊಳೆದುಕೊಂಡು ಎದ್ದ. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆಮೇಲೆ ಕಾಲೇಜಿನಲ್ಲಿ ಪಾಠ ಹೇಳಿದಷ್ಟು ಕಾಲವೂ ಅದನ್ನೇ ಹೇಳಿದೆ. ಆದರೆ ಅಪ್ಪ ಹದಿನೇಳು ಹದಿನೆಂಟು ವರ್ಷ ಅನುಮಾನವಾಗಿ ಇಟ್ಟುಕೊಂಡಿದ್ದದ್ದಕ್ಕೆ ಅಂದು ಪುಸ್ತಕದ ಮೊಹರು ಬಿತ್ತು. ಮರುದಿನ ಬೆಳಿಗ್ಗೆ ಅವನು ಅಜ್ಜಿಯ ಕಡೆ ನೋಡುತ್ತ, ಅವ್ವನಿಗೆ ಕೇಳುವಂತೆ ಹೇಳಿದ:

"ಸ್ವಲ್ಪ ದಿವಸ ಹರಿಹರದಾಗ ಇದ್ದು ಬರ್ಲಿ ಅವಳು. ತವರಿನಾಗ ಇದ್ರೆ ಚಲೋ."

"ಎಷ್ಟು ದಿವಸ?" ಅವ್ವ ನೇರವಾಗಿ ಅವನನ್ನೇ ಕೇಳಿದಳು.

"ನೋಡಾಣ."

"ನಾನು ಸಾಯಾದು ನಿಮ್ಮ ಮನಿಯಾಗ ಬ್ಯಾಡ ಅಂತನಾ?"

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ. ಅವ್ವ ಎರಡು ಸೀರೆ ತೆಗೆದು ಚೀಲಕ್ಕೆ ಹಾಕಿದಳು, ಬಾಚಿಕೊಂಡಳು, ಕುಂಕುಮ ಇಟ್ಟುಕೊಂಡಳು. ನನಗೆ ಕಾಲೇಜಿಗೆ ಹೋಗಲು ಹೇಳಿದಳು, ನಾನು ಹೋಗಲಿಲ್ಲ. ಚೀಲ ಹಿಡಿದು ತಲೆಬಾಗಿಲ ತನಕ ಹೋದವಳು ಅಲ್ಲೇ ಅದನ್ನಿಟ್ಟು ತಿರುಗಿ ಬಂದು, ನಡುಮನೆ ದಾಟಿ, ಅಡುಗೆಮನೆ ದಾಟಿ ಹಿತ್ತಲಿಗೆ ಹೋದಳು. ಗೋಡೆಯ ಆಚೆಗೆ ಕೂಗಿ ಇಮಾಂಬಿಯ ಹತ್ತಿರ ಗುದ್ದಲಿ, ಹಾರೆ ಕೇಳಿ ಇಸಿದುಕೊಂಡಳು. ಅವಳು ಏನು ಮಾಡಲಿದ್ದಾಳೆ ಎಂದು ಅಜ್ಜಿಗೆ ತಿಳಿಯುವಷ್ಟರಲ್ಲಿ ಮಣ್ಣು ಹಾರತೊಡಗಿತ್ತು.

"ಏ ಗಿರಿಜಾ, ಬ್ಯಾಡ! ಅದು ನಿನ್ನ ಹಿರೇಳು! ಪಾಪ ಸುತ್ತಿಕೊಳ್ತೈತೆ!"

"ಸುತ್ತಿಕೊಳ್ಲಿ," ಎಂದಳು ಅವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಎಕ್ಕದ ಬೇರು ನೇರ ಪಾತಾಳಕ್ಕೆ ಇಳಿಯುವಂಥದ್ದು. ಬೆಂಡಿನಂಥ ಬೂದು ತೊಗಟೆ, ತೋಳಿನಷ್ಟು ದಪ್ಪ. ಗುದ್ದಲಿ ತಾಗಿದಲ್ಲೆಲ್ಲ ಹಾಲು. ನಾನು ಕೈ ಹಾಕಲು ಹೋದರೆ ಅವ್ವ ಗದರಿಸಿ ದೂರ ನಿಲ್ಲಿಸಿದಳು. ಇಮಾಂಬಿ ಗೋಡೆಯ ಮೇಲಿಂದ "ಕಣ್ಣು ಜ್ವಾಕಿ ಅಕ್ಕಾ, ಹಾಲು ಸಿಡಿದ್ರೆ ಕಣ್ಣು ಕೆಡ್ತೈತೆ" ಎಂದು ಹೇಳುತ್ತಲೇ ಇದ್ದಳು. ಅಜ್ಜಿ ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕುಸಿದು ಕೂತು, ಸತ್ತವರ ಮುಂದೆ ಅಳುವಂತೆ ಹಾಡಿಕೊಂಡು ಅಳುತ್ತಿದ್ದಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅವ್ವ ಹಾರೆಯನ್ನು ಅಡಿಗೆ ಕೊಟ್ಟು ಮೀಟಿದಳು. ಬೇರು ಕೊನೆಯಲ್ಲಿ ಟಪ್ಪೆಂದು ಕಡಿದು ಮೇಲೆದ್ದು ಬಂತು, ಹಾಲು ಅವಳ ಮುಖಕ್ಕೆ ಸಿಡಿಯಿತು. ಆ ಹೊತ್ತಿಗೇ ಅಪ್ಪ ಮಧ್ಯಾಹ್ನದ ಊಟಕ್ಕೆಂದು ಬಂದವನು ಅಳು ಕೇಳಿ ಹಿತ್ತಲಿಗೆ ಓಡಿ ಬಂದ. ಅವ್ವ ಒಂದು ಕಣ್ಣು ಮುಚ್ಚಿಕೊಂಡೇ ಅವನ ಮುಂದೆ ನಿಂತಳು.

"ನೋಡ್ರಿ, ನಿಮ್ಮ ಮೂರನೇ ಹೆಂಡ್ತಿ ಸತ್ಲು. ಬೇರು ಸಮೇತ ಸತ್ಲು. ಬೇಕಾದ್ರೆ ನಿಮ್ಮ ಮಗಳನ್ನ ಕೇಳ್ರಿ. ಇನ್ನಾದ್ರೂ ನನ್ನ ಬದುಕಿರೋಳು ಅಂತ ತಿಳ್ಕೊಳ್ರಿ."

ಅಪ್ಪ ನನ್ನ ಕಡೆ ನೋಡಿ "ಹೌದಾ?" ಎಂದ.

"ಹೌದಪ್ಪಾ. ಇನ್ನ ಚಿಗುರಲ್ಲ."

ಅಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ಈಗ ಎದ್ದು ಬರುತ್ತಾನೆ, ಅವ್ವನ ಕಣ್ಣು ನೋಡುತ್ತಾನೆ, ನೀರು ತರಲು ಹೇಳುತ್ತಾನೆ ಎಂದು ನಾನು ಕಾದೆ. ಅವನು ಬೇರನ್ನೇ ನೋಡುತ್ತಿದ್ದ. ಆಮೇಲೆ ಅಜ್ಜಿಯನ್ನು ಕೇಳಿದ: "ಸೂತಕ ಹಿಡಿಬೇಕೇನು?" ಅಜ್ಜಿ ತಲೆಯಾಡಿಸಿದಳು. ಅಪ್ಪ ಎದ್ದು ನಲ್ಲಿಯ ಕೆಳಗೆ ಉಟ್ಟ ಬಟ್ಟೆಯಲ್ಲೇ ಕೂತು ತಲೆಗೆ ನೀರು ಬಿಟ್ಟುಕೊಂಡ, ಒದ್ದೆ ಪಂಚೆಯಲ್ಲೇ ಹೋಗಿ ಹೊರಗಿನ ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕೂತು ಅತ್ತ. ಭುಜ ಕುಣಿಯುವ ಹಾಗೆ ಅತ್ತ. ಹಾದಿಯಲ್ಲಿ ಹೋಗುವವರು ನಿಂತು, ಯಾರು ಹೋದರು ಎಂದು ಕೇಳಿದರು. "ನಮ್ಮ ಸೊಸಿ," ಎಂದಳು ಅಜ್ಜಿ. ಕೆಲವರು ಅಯ್ಯೋ ಎಂದು ಒಳಗೆ ಇಣುಕಿದರೆ ಅಲ್ಲಿ ಅವ್ವ ಇದ್ದಳು. ಅವಳ ಕಣ್ಣಿಗೆ ಇಮಾಂಬಿ ಗೋಡೆ ಹಾರಿ ಬಂದು ಬಿಂದಿಗೆಗಟ್ಟಲೆ ನೀರು ಹುಯ್ದು ತೊಳೆದಳು. ನೋವೇನೂ ಇಲ್ಲ, ಎಲ್ಲ ಮಂಜು ಮಂಜು ಕಾಣುತ್ತದೆ ಎನ್ನುತ್ತಿದ್ದಳು ಅವ್ವ. ಎಕ್ಕದ ಹಾಲಿನ ಕೆಡುಕೇ ಅದು, ನೋಯಿಸದೆ ಕಣ್ಣು ಕೆಡಿಸುತ್ತದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ನಾನು ಮತ್ತು ಇಮಾಂಬಿ. ಕಣ್ಣಿಗೆ ಹತ್ತಿ ಕಟ್ಟಿಸಿಕೊಂಡು ಬಂದು ಅವ್ವ ಒಲೆ ಹಚ್ಚಿದಳು, ಅಪ್ಪನಿಗೆ ಜಗಲಿಗೇ ಊಟ ಕೊಟ್ಟು ಕಳಿಸಿದಳು. ಬೆಳ್ಳುಳ್ಳಿ ಬಿಡಿಸುತ್ತ ನನಗೆ ಹೇಳಿದಳು:

"ನಿಮ್ಮಪ್ಪಗ ಅಳಾಕ ಬರ್ತೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು."

ಅವಳ ದನಿಯಲ್ಲಿ ಹೊಟ್ಟೆಕಿಚ್ಚು ಇತ್ತು. ಹಿತ್ತಲಿನ ಗುಂಡಿಯಲ್ಲಿ ಬಾಡುತ್ತ ಬಿದ್ದಿದ್ದ ಒಂದು ಗಿಡದ ಮೇಲೆ.

ಆ ಗಿಡದಿಂದಾಗಿಯೇ ನಾನು ಸಸ್ಯಶಾಸ್ತ್ರ ಓದಿದೆ, ಹರಿಹರದ ಕಾಲೇಜೊಂದರಲ್ಲಿ ಅದನ್ನೇ ಕಲಿಸಿ ನಿವೃತ್ತಳಾದೆ. ಆ ವರ್ಷಗಳಲ್ಲಿ ವರ್ಗೀಕರಣವೂ ಬದಲಾಯಿತು. ಎಕ್ಕದ್ದು ಮೊದಲು ಬೇರೆಯೇ ಕುಟುಂಬ ಎನ್ನುತ್ತಿದ್ದರು, ಈಗ ಕಣಗಿಲೆಯ ಕುಟುಂಬದೊಳಗೆ ಸೇರಿಸಿದ್ದಾರೆ. ಆ ಕುಲದಲ್ಲಿ ಮೂರನೇ ಜಾತಿಯೊಂದು ಇದೆ ಎಂದು ಕೆಲವರು, ಇಲ್ಲವೆಂದು ಕೆಲವರು. ಮನುಷ್ಯರು ಏನೆಂದು ಬರೆದುಕೊಂಡರೂ ಎಕ್ಕ ತನ್ನ ಪಾಡಿಗೆ ತಾನು ಹೂ ಬಿಡುತ್ತದೆ ಎಂದು ತರಗತಿಯಲ್ಲಿ ಹೇಳಿದರೆ ಮಕ್ಕಳು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಬರೆದುಕೊಂಡದ್ದರ ಕೆಳಗೆ ಒಬ್ಬಳು ಹೆಂಗಸು ಆಯುಷ್ಯ ಪೂರ್ತಿ ಬಾಳಿದ್ದನ್ನು ನಾನು ಕಂಡಿದ್ದೆ.

ಗಿಡ ಹೋದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಸೂತಕ ಕಳೆಯಿತು, ಅವ್ವ ಹರಿಹರಕ್ಕೆ ಹೋಗುವ ಮಾತು ಬಿದ್ದುಹೋಯಿತು, ಅಜ್ಜಿಯೂ ಒಂದು ದಿನ ತೀರಿಕೊಂಡಳು. ಆದರೆ ಭಯ ಅಷ್ಟು ವರ್ಷದಲ್ಲಿ ಅಪ್ಪನಿಗೆ ಚಟವಾಗಿತ್ತು. ಸಂಜೆ ಬಂದು ಅದೇ ಒಂದು ಮಾತು ಕೇಳುತ್ತಿದ್ದ, ಅವ್ವ ಅದೇ ಉತ್ತರ ಕೊಡುತ್ತಿದ್ದಳು. ಬಲಗಣ್ಣಿನ ಮಂಜು ಪೂರ್ತಿ ಹೋಗಲೇ ಇಲ್ಲ, ಆದರೂ ಅವಳು ಗಟ್ಟಿಯಾಗೇ ಇದ್ದಳು. ನನ್ನ ಮದುವೆ ಮಾಡಿದಳು, ಮೊಮ್ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕಿದಳು, ಅವರ ಮದುವೆಗಳಲ್ಲಿ ಓಡಾಡಿದಳು. ಹೋದ ವರ್ಷ, ವಯಸ್ಸಾದವರಿಗೆಲ್ಲ ಬರುವಂಥ ಕಾಯಿಲೆಯಿಂದ, ಮಲಗಿದಲ್ಲೇ ಹೋದಳು.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ನಾನು ಅಡುಗೆಮನೆಗೆ ಬಂದರೆ ಅಪ್ಪ ಅಲ್ಲಿ ಅವ್ವನ ಮಣೆಯ ಮೇಲೆ ಕೂತಿದ್ದ. ತೊಂಬತ್ತರ ಹತ್ತಿರದ ಮುದುಕ, ಕಾಲು ಮಡಿಸಲಾಗದೆ ಮುಂದಕ್ಕೆ ಚಾಚಿಕೊಂಡಿದ್ದ. ಅವನು ಆ ಕೋಣೆಯೊಳಗೆ ಕೂತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನಾನು ಕೈ ಹಿಡಿದು ಎಬ್ಬಿಸಲು ಹೋದೆ, ಅವನು ಏಳಲಿಲ್ಲ.

"ಎಲ್ರೂ ಇವಳು ಉಳಿಯಲ್ಲ, ಉಳಿಯಲ್ಲ ಅಂದ್ರು," ಎಂದ. "ಇಷ್ಟು ವರ್ಷ ಇರ್ತಾಳೆ ಅಂತ ಒಬ್ರಾರ ನಂಗೆ ಹೇಳಬಾರ್ದಾಗಿತ್ತಾ?"

"ಹೇಳಿದ್ರೆ ಏನ್ ಮಾಡ್ತಿದ್ದಿ ಅಪ್ಪಾ?"

"ಮಾತಾಡ್ತಿದ್ದೆ," ಎಂದ.